ಆಪರೇಟರಮ್ಮನ ಪಟ್ಟಿ

“ಅಮ್ಮ, ನಿಮ್ಮ ಫೋನ್ ಸತ್ತಿದೆ ನೋಡಿ,” ಎಂದ ಕಂಪ್ಯೂಟರ್ ವಿಭಾಗದವನು. “ಸ್ಕ್ರೀನೆಲ್ಲ ಕಪ್ಪಗಿದೆ.”

“ಹೌದಾ? ಪಾಪ,” ಎಂದಳು ಆಪರೇಟರಮ್ಮ. ಅವಳ ಹೆಬ್ಬೆರಳು ಆ ಕಪ್ಪು ಗಾಜಿನ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾರುತ್ತಲೇ ಇತ್ತು. ಎಡಗಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಫೋನಿನಲ್ಲಿ ಹೆಣ್ಣುದನಿಯೊಂದು ಬೆಳಗಿನ ಸುದ್ದಿಯನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಿತ್ತು. ಬಲಗಿವಿ ಆಸ್ಪತ್ರೆಯದು. ಅಲ್ಲಿ ರಿಸೀವರ್ ಬಿಟ್ಟು ಬೇರೆ ಏನಕ್ಕೂ ಜಾಗವಿರಲಿಲ್ಲ.

ಕಣ್ಣು ಕಾಣದವಳ ಫೋನಿಗೆ ಬೆಳಕು ಯಾಕೆ? ನಾಲ್ಕು ವರ್ಷದ ಹಿಂದೆ ಅದನ್ನು ಕೊಂಡ ವಾರದಲ್ಲೇ ಅವಳು ಪರದೆಯ ಬೆಳಕನ್ನು ಪೂರ್ತಿ ಆರಿಸಿಬಿಟ್ಟಿದ್ದಳು. ಬ್ಯಾಟರಿ ಎರಡು ದಿನ ಬರುತ್ತಿತ್ತು, ಬಸ್ಸಿನಲ್ಲಿ ಪಕ್ಕದವರು ಇಣುಕುವುದೂ ತಪ್ಪುತ್ತಿತ್ತು. ಆಸ್ಪತ್ರೆಯಲ್ಲಿ ಅದನ್ನು ನೋಡಿದವರೆಲ್ಲ ಕೆಟ್ಟುಹೋದ ಫೋನನ್ನು ಅಭ್ಯಾಸಬಲದಿಂದ ಸವರುತ್ತ ಕೂತಿರುತ್ತಾಳೆ ಎಂದುಕೊಂಡಿದ್ದರು. ಅವಳೂ ತಿದ್ದಲು ಹೋಗಿರಲಿಲ್ಲ.

ಕಂಪ್ಯೂಟರ್ ವಿಭಾಗದವನನ್ನು ಎಲ್ಲರೂ ಪಾಸ್‌ವರ್ಡ್ ಎಂದೇ ಕರೆಯುತ್ತಿದ್ದರು. ಏನು ಕೆಟ್ಟಿದೆ ಎಂದರೂ ಮೊದಲು ಅದನ್ನೇ ಕೇಳುತ್ತಿದ್ದ. ಒಳ್ಳೆಯವನೇ, ಆದರೆ ಎದುರಿಗಿದ್ದವರ ಮುಖ ನೋಡಿ ಮಾತಾಡುವ ಅಭ್ಯಾಸವಿರಲಿಲ್ಲ. ಅವನು ತಳ್ಳುಗಾಡಿಯಲ್ಲಿ ಹೊಸ ಫೋನುಗಳ ಪೆಟ್ಟಿಗೆಗಳನ್ನು ತಂದಿದ್ದ. ಒಟ್ಟು ಅರವತ್ತು. ಡಾಕ್ಟರರಿಂದ ಹಿಡಿದು ಆಯಾಗಳವರೆಗೆ ಒಬ್ಬೊಬ್ಬರಿಗೆ ಒಂದೊಂದು.

“ನನ್ನದು ಯಾವುದಪ್ಪ?” ಎಂದು ಅವಳು ಕೈ ಚಾಚಿದಳು.

ಗಾಡಿಯ ಚಕ್ರ ಕಿರ್ರೆಂದು ನಿಂತಿತು. “ನಿಮಗೆ... ಪಟ್ಟಿಯಲ್ಲಿ ಇಲ್ಲಮ್ಮ. ಇದು ನೋಡಿ ಬಳಸೋದು. ಶನಿವಾರ ಮೀಟಿಂಗ್ ಇದೆ, ಯಾರ್ಯಾರ ಫೋನಲ್ಲಿ ಯಾವ್ಯಾವ ಆ್ಯಪ್ ಇರಲೇಬೇಕು ಅಂತ ಹೇಳ್ತೀನಿ. ಇಪ್ಪತ್ತೆರಡು ಆರಿಸಿದೀನಿ. ಆಮೇಲೆ ಎಲ್ಲರೂ ಒಬ್ಬರಿಗೊಬ್ಬರು ನೇರವಾಗೇ ಮಾತಾಡಬಹುದು. ಕರೆ ಜೋಡಿಸೋ ಈ ಟೆಲಿಫೋನ್ ಬೋರ್ಡ್ ತೆಗೀತಾರೆ.”

“ಬೋರ್ಡ್ ತೆಗೆದ ಮೇಲೆ ನಾನು?”

“ಬಟ್ಟೆ ಕೋಣೆ ಅಂತ ಬರೆದಿದಾರೆ. ಬೆಡ್‌ಶೀಟ್ ಮಡಿಚೋದು. ಆರಾಮಾಗಿರತ್ತೆ ಅಮ್ಮ, ಒಂದು ಫೋನೂ ಬರಲ್ಲ!” ಅವನು ನಿಜವಾಗಿಯೂ ಸಂತೋಷದ ಸುದ್ದಿ ಹೇಳಿದೆನೆಂದುಕೊಂಡು ಗಾಡಿ ತಳ್ಳಿಕೊಂಡು ಹೋದ.

ಹತ್ತೊಂಬತ್ತು ವರ್ಷ ಅವಳು ಆ ಕುರ್ಚಿಯಲ್ಲಿ ಕೂತಿದ್ದಳು. ನೂರಾ ನಲವತ್ತು ಕೋಣೆಗಳ ಫೋನ್ ಸಂಖ್ಯೆಗಳು ಅವಳ ಬೆರಳಿನ ತುದಿಯಲ್ಲಿದ್ದವು. ಯಾವ ಡಾಕ್ಟರು ಮೂರನೇ ಸಲ ಗಂಟೆ ಬಾರಿಸಿದ ಮೇಲೆ ಫೋನ್ ಎತ್ತುತ್ತಾರೆ, ಯಾವ ಡಾಕ್ಟರನ್ನು ಕ್ಯಾಂಟೀನಿನಲ್ಲಿ ಹುಡುಕಬೇಕು ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಹೇಳದಿದ್ದ ಸಂಗತಿಗಳೂ ಇದ್ದವು. ಹೆಂಗಸರ ವಾರ್ಡಿನ ಆಯಾ ದಿನಾ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ, “ಅಕ್ಕ, ಕನ್ನಡಕ ಮನೇಲೇ ಬಿಟ್ಟು ಬಂದೆ. ಇವತ್ತು ಯಾವ ಡಾಕ್ಟರು ಯಾವ ರೂಮು ಹೇಳಿ,” ಎನ್ನುತ್ತಿದ್ದಳು. ಬರೆದ ಹಲಗೆ ಅವಳ ಮೂಗಿನ ಮುಂದೆಯೇ ತೂಗುತ್ತಿತ್ತು. ಹನ್ನೊಂದು ವರ್ಷ ಒಂದು ದಿನವೂ ಬಿಡದೆ ಮನೆಯಲ್ಲೇ ಉಳಿಯುವ ಕನ್ನಡಕ ಎಂಥದ್ದೆಂದು ಆಪರೇಟರಮ್ಮನಿಗೆ ಮೊದಲ ತಿಂಗಳಲ್ಲೇ ತಿಳಿದಿತ್ತು. ದಿನಾ ಹೇಳುತ್ತಿದ್ದಳು, ಒಮ್ಮೆಯೂ ಕೆಣಕಿರಲಿಲ್ಲ.

ಸಂಜೆ ಮನೆಯಲ್ಲಿ ತಂಗಿ ಸುದ್ದಿ ಕೇಳಿ, “ಬಟ್ಟೆ ಮಡಿಚೋದು ಒಳ್ಳೇದೇ ಅಲ್ವೇನೇ ಅಕ್ಕ? ದಿನಾ ಗಂಟಲು ಹರ್ಕೊಳ್ಳೋದು ತಪ್ಪತ್ತೆ,” ಎಂದಳು.

“ಬೆಡ್‌ಶೀಟು ಮಾತಾಡಲ್ವಲ್ಲೇ.”

“ನಿನ್ನ ಬಾಯಿಗೆ ಸಿಕ್ಕಿದರೆ ಅದೂ ಮಾತಾಡತ್ತೆ ಬಿಡು.”

ಅವಳು ನಕ್ಕಳು. ಆದರೆ ಬಿಳಿ ಬಟ್ಟೆಯ ರಾಶಿ, ಕದ ಹಾಕಿದ ಕೋಣೆ, ಸಂಜೆಯವರೆಗೂ ಯಾರೂ “ಆಪರೇಟರಮ್ಮಾ” ಎನ್ನದ ದಿನ ನೆನೆದು ಎರಡನೇ ಸಲ ಅನ್ನ ಬೇಡವೆಂದಳು. ಉಂಡೆದ್ದವಳು ಕೈ ಒರೆಸಿಕೊಂಡು, “ಇಪ್ಪತ್ತೆರಡಂತೆ!” ಎಂದಳು ತನ್ನಷ್ಟಕ್ಕೆ. “ಯಾರನ್ನ ಕೇಳಿ ಆರಿಸಿದ ಇವನು?”

ಶನಿವಾರದ ಸಭೆಗೆ ಅವಳನ್ನು ಯಾರೂ ಕರೆದಿರಲಿಲ್ಲ. ಹೋಗಿ ಮುಂದಿನ ಸಾಲಿನಲ್ಲಿಯೇ ಕೂತಳು. ಗೋಡೆಯ ಮೇಲೆ ಚಿತ್ರ ಬಿಡುವ ಯಂತ್ರದ ಫ್ಯಾನು ಗುಂಯ್‌ಗುಡುತ್ತಿತ್ತು. ಪಾಸ್‌ವರ್ಡ್ ಒಂದೊಂದೇ ಆ್ಯಪಿನ ಹೆಸರು ಹೇಳುತ್ತ ಹೋದ. ಹವಾಮಾನದ್ದು, ಉಸಿರಾಟ ಕಲಿಸುವುದು, ನೀರು ಕುಡಿಯಲು ನೆನಪಿಸುವುದು, ಫೋಟೋ ಚಂದ ಮಾಡುವುದು, ಪಾಸ್‌ವರ್ಡುಗಳನ್ನೆಲ್ಲ ಜೋಪಾನವಾಗಿಡುವುದು. ಅದಕ್ಕೂ ಒಂದು ಪಾಸ್‌ವರ್ಡ್ ಇತ್ತು. ಏಳನೆಯದು ಹೆಜ್ಜೆ ಎಣಿಸುವ ಆ್ಯಪ್.

“ನನ್ನ ಹೆಜ್ಜೆ ಎಣಿಸೋಕೆ ಕೂತರೆ ಫೋನಿಗೇ ಕಾಲು ನೋವು ಬರತ್ತೆ,” ಎಂದು ಹಿಂದಿನ ಸಾಲಿನಲ್ಲಿ ಆಯಾ ಪಿಸುಗುಟ್ಟಿದಳು. ಆಂಬುಲೆನ್ಸಿನ ಡ್ರೈವರ್ ಕಿಸಕ್ಕೆಂದ.

ಹದಿನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಆಪರೇಟರಮ್ಮ ಕೈ ಎತ್ತಿದಳು. ಎತ್ತಿದ ಕೈಯನ್ನು ಇಳಿಸಲೂ ಇಲ್ಲ.

“ಏನು ಆಪರೇಟರಮ್ಮ?” ಎಂದರು ದೊಡ್ಡ ಡಾಕ್ಟರು. ಆಸ್ಪತ್ರೆಯ ಯಜಮಾನಿಕೆ ಅವರದು. ಕೆಟ್ಟವರಲ್ಲ, ಆದರೆ ಒಂದು ತೀರ್ಮಾನಕ್ಕೆ ಬಂದ ಮೇಲೆ ಅದನ್ನೇ ತಿರುಗಾ ಮುರುಗಾ ಒಂದು ಗಂಟೆ ವಿವರಿಸುವ ಚಾಳಿ.

“ಇಷ್ಟು ಬೇಡ ಸಾರ್. ಇಲ್ಲಿರೋರಿಗೆ ನಾಲ್ಕು ಸಾಕು.”

“ನೋಡಿ, ನೀವು ಬೇಜಾರು ಮಾಡ್ಕೋಬಾರದು,” ದೊಡ್ಡ ಡಾಕ್ಟರ ದನಿಯಲ್ಲಿ ಕನಿಕರವೂ ಅಸಹನೆಯೂ ಒಟ್ಟಿಗೆ ಬಂದವು. “ನಿಮ್ಮ ಸೇವೆ ದೊಡ್ಡದು. ಆದರೆ ಈ ಫೋನನ್ನ ನೀವು ಬಳಸೋಕೇ ಆಗಲ್ಲ. ಬಳಸದೇ ಇರೋ ವಸ್ತುವಿನ ಬಗ್ಗೆ...” ಮಾತಿಗೆ ಒತ್ತು ಕೊಡಲು ಅವರು ಆಗಲೇ ತಮ್ಮ ಸಿಮ್ ಹಾಕಿಸಿಕೊಂಡಿದ್ದ ಹೊಸ ಫೋನನ್ನು ಮುಷ್ಟಿಯಲ್ಲಿ ಹಿಡಿದು ಗಾಳಿಯಲ್ಲಿ ಅಲ್ಲಾಡಿಸಿದರು. ಹಿಡಿತ ಬಿಗಿಯಾಗಿತ್ತು.

“ಮಾತನಾಡುವ ಸಹಾಯ ಆನ್ ಆಗಿದೆ,” ಎಂದಿತು ಫೋನು.

ಸಭೆ ತಬ್ಬಿಬ್ಬಾಯಿತು. ದೊಡ್ಡ ಡಾಕ್ಟರು ಬೆರಳಿಟ್ಟರು. “ಕ್ಯಾಮೆರಾ,” ಎಂದಿತು. ಮತ್ತೆ ಒತ್ತಿದರು. “ಕ್ಯಾಮೆರಾ.” ತೆರೆಯಲಿಲ್ಲ. ಪಾಸ್‌ವರ್ಡ್ ಓಡಿ ಬಂದು ಕೈಗೆ ತೆಗೆದುಕೊಂಡ. “ಸೆಟ್ಟಿಂಗ್ಸ್,” “ಗಡಿಯಾರ,” “ಹಿಂದಕ್ಕೆ,” “ಗಡಿಯಾರ.” ಎಲ್ಲಿ ಮುಟ್ಟಿದರೂ ಮುಟ್ಟಿದ್ದರ ಹೆಸರು ಹೇಳುತ್ತಿತ್ತು, ಮುಂದಕ್ಕೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಅವನ ಮೇಲುಸಿರು ಮುಂದಿನ ಸಾಲಿಗೆ ಕೇಳಿಸಿತು.

“ಹಾಳಾಗಿದೆ ಸಾರ್. ವೈರಸ್ ಇರಬೇಕು.”

ಅಷ್ಟರಲ್ಲಿ ಫೋನು ಟಿಣ್ ಎಂದಿತು. ಆಮೇಲೆ ಸಭೆಗೆಲ್ಲ ಕೇಳುವಂತೆ, ಶಾಲೆಯ ಟೀಚರ ಸ್ಪಷ್ಟತೆಯಲ್ಲಿ ಓದತೊಡಗಿತು: “ಮನೆಯಿಂದ ಹೊಸ ಸಂದೇಶ. ನೀವು ಮಾತು ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಪಾಪ ಅವರೆಲ್ಲ ಹಸಿದಿರುತ್ತಾರೆ. ಒಂದು ಗಂಟೆಗೆ ಊಟಕ್ಕೆ ಬರುತ್ತೀರೋ ಇಲ್ಲವೋ, ತಕ್ಷಣ ಹೇಳಿ.”

ಅರವತ್ತು ಜನ ಉಸಿರು ಬಿಗಿಹಿಡಿದರು. ಮೊದಲು ಬಿಟ್ಟವಳು ಹೆಡ್ ನರ್ಸು. ಆಮೇಲೆ ಕೋಣೆಯೆಲ್ಲ ನಗುವಿನಲ್ಲಿ ಮುಳುಗಿತು. ದೊಡ್ಡ ಡಾಕ್ಟರ ಹೊಟ್ಟೆಯೂ ಕುಲುಕುತ್ತಿತ್ತೆಂದು ಆಮೇಲೆ ನೋಡಿದವರು ಹೇಳಿದರು.

“ಇಲ್ಲಿ ಕೊಡಪ್ಪ,” ಎಂದಳು ಆಪರೇಟರಮ್ಮ.

ಫೋನು ಅಂಗೈಗೆ ಬಂದಿತು. ಅವಳ ಬೆರಳು ಒಮ್ಮೆ ಅದರ ಅಂಚು ಸುತ್ತಿ ಬಂದು ಗಾಜಿನ ಮೇಲೆ ಓಡತೊಡಗಿತು. “ಇದಕ್ಕೆ ವೈರಸ್ಸೂ ಇಲ್ಲ, ಜ್ವರವೂ ಇಲ್ಲ. ಪಕ್ಕದ ಎರಡು ಬಟನ್ನು ಒಟ್ಟಿಗೆ ಹಿಸುಕಿದ್ದೀರಿ ಸಾರ್, ಮಾತು ಶುರುವಾಗಿದೆ. ಒಂದು ಸಲ ಮುಟ್ಟಿದರೆ ಹೆಸರು ಹೇಳತ್ತೆ. ತೆರೀಬೇಕು ಅಂದರೆ ಎರಡು ಸಲ ತಟ್ಟಬೇಕು. ಮನೆಗೆ ಏನು ಉತ್ತರ ಹೇಳ್ಲಿ?”

ದೊಡ್ಡ ಡಾಕ್ಟರು ಗಂಟಲು ಸರಿಮಾಡಿಕೊಂಡರು. “ಬರ್ತೀನಿ ಅಂತ.”

“ಒಂದು ಗಂಟೆಗೇನೇ?”

“ಹೂಂ ಹೂಂ, ಒಂದು ಗಂಟೆಗೇ.”

ಅವಳು ಫೋನನ್ನು ತುಟಿಯ ಹತ್ತಿರ ತಂದು ಐದು ಮಾತು ಹೇಳಿದಳು, ಎರಡು ಸಲ ತಟ್ಟಿದಳು. “ಕಳುಹಿಸಲಾಗಿದೆ,” ಎಂದಿತು ಫೋನು. ಆಮೇಲೆ ಎರಡು ಬಟನ್ನು ಒತ್ತಿ ಹಿಡಿದಳು. ಫೋನು ತೆಪ್ಪಗಾಯಿತು.

“ನಿಮ್ಮ ಫೋನು ಸತ್ತಿತ್ತಲ್ಲ...” ಎಂದ ಪಾಸ್‌ವರ್ಡ್.

“ಸತ್ತಿಲ್ಲಪ್ಪ. ದೀಪ ಹಾಕ್ಕೊಳ್ಳದೆ ಕೆಲಸ ಮಾಡತ್ತೆ, ನನ್ನ ಥರ.”

ಅವಳು ಕೂರಲಿಲ್ಲ. ಸಭೆಯ ಕಡೆಗೆ ತಿರುಗಿ ನಿಂತಳು. “ಈಗ ನನ್ನ ನಾಲ್ಕು ಕೇಳ್ತೀರಾ? ಹತ್ತೊಂಬತ್ತು ವರ್ಷದಿಂದ ನೀವೆಲ್ಲ ನನಗೆ ಫೋನ್ ಮಾಡಿ ಕೇಳಿದ್ದನ್ನೇ ಹೇಳ್ತಿದೀನಿ, ನನ್ನ ಸ್ವಂತದ್ದೇನಿಲ್ಲ. ಆಂಬುಲೆನ್ಸ್ ಎಲ್ಲಿದೆ, ಎಲ್ಲಿದೆ, ಎಲ್ಲಿದೆ. ದಿನಕ್ಕೆ ಮೂವತ್ತು ಸಲ. ಡ್ರೈವರಣ್ಣ ಗಾಡಿ ಓಡಿಸೋದೋ, ನನಗೆ ಉತ್ತರ ಕೊಡೋದೋ?”

“ಸರಿಯಾಗಿ ಹೇಳಿದ್ರಿ ಅಕ್ಕ!” ಎಂದು ಡ್ರೈವರ್ ಕೂತಲ್ಲಿಂದಲೇ ಕೂಗಿದ.

“ಮ್ಯಾಪ್ ಹಾಕಿ. ಗಾಡಿ ಎಲ್ಲಿದೆ ಅಂತ ವಾರ್ಡಿನವರಿಗೆ ಫೋನಲ್ಲೇ ಕಾಣೋ ಹಾಗೆ ಮಾಡಿ. ಇನ್ನೊಂದು, ಬೇರೆ ಭಾಷೆಯವರು ಬರ್ತಾರೆ, ಎಲ್ಲಿ ನೋವು ಅಂತ ಹೇಳೋಕಾಗದೆ ಅಳ್ತಾರೆ. ಆಗ ಹೆಡ್ ಸಿಸ್ಟರ್ ನನಗೆ ಫೋನ್ ಮಾಡಿ, ಆ ಭಾಷೆ ಬರೋರು ಯಾರಾದರೂ ಇದಾರಾ ಅಂತಾರೆ. ನಾನು ಅಡುಗೆಮನೆಯಿಂದ ಲಾಂಡ್ರಿವರೆಗೆ ಹುಡುಕ್ತೀನಿ. ಮಾತನ್ನ ಭಾಷಾಂತರ ಮಾಡೋ ಆ್ಯಪ್ ಬೇಕು. ಅದು ನಿನ್ನ ಇಪ್ಪತ್ತೆರಡರಲ್ಲಿ ಇದೆಯೇನಪ್ಪ?”

“ಇ... ಇಲ್ಲಮ್ಮ.”

“ನೀರು ಕುಡಿಯೋಕೆ ನೆನಪಿಸೋದು ಇದೆ,” ಎಂದಳು ಹೆಡ್ ನರ್ಸು. “ಬಾಯಾರಿದರೆ ನಮಗೇ ಗೊತ್ತಾಗತ್ತೆ. ಔಷಧಿ ಹೊತ್ತು ನೆನಪಿಸೋದಿದ್ರೆ ಹೇಳು.”

“ಅದೇ ಮೂರನೇದು,” ಎಂದಳು ಆಪರೇಟರಮ್ಮ. “ನಾಲ್ಕನೇದು, ಬರೆದದ್ದರ ಮುಂದೆ ಕ್ಯಾಮೆರಾ ಹಿಡಿದರೆ ಗಟ್ಟಿಯಾಗಿ ಓದಿ ಹೇಳೋದು. ಚೀಟಿ, ಬಾಟಲಿ, ಗೋಡೆ ಹಲಗೆ, ಎಲ್ಲ ಓದತ್ತೆ. ಎಲ್ಲರ ಫೋನಲ್ಲೂ ಹಾಕಿ. ಒಬ್ಬರನ್ನೂ ಬಿಡಬೇಡಿ.”

“ಅದು ಎಲ್ಲರಿಗೂ ಯಾಕಮ್ಮ?” ಪಾಸ್‌ವರ್ಡ್ ಪೆನ್ನು ಹಿಡಿದು ಕೇಳಿದ. ಅವನ ದನಿಯಲ್ಲಿ ಈಗ ವಾದವಿರಲಿಲ್ಲ. “ಓದೋಕೆ ಬರದೇ ಇರೋರು ಯಾರು ಅಂತ ಹೇಳಿದರೆ ಅವರಿಗೆ ಮಾತ್ರ ಹಾಕ್ತೀನಿ. ಯಾರಿದಾರೆ, ಕೈ ಎತ್ತಿ?”

ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಕಿರುಗುಟ್ಟಿ ಸುಮ್ಮನಾಯಿತು. ಆ ಸದ್ದು ಎಲ್ಲಿಂದ ಬಂತೆಂದು ಆಪರೇಟರಮ್ಮನಿಗೆ ತಿರುಗಿ ನೋಡದೆಯೇ ತಿಳಿಯಿತು.

“ನಾನಿದೀನಲ್ಲ,” ಎಂದು ಅವಳೇ ಕೈ ಎತ್ತಿದಳು. “ನನಗೆ ಒಂದಕ್ಷರ ಓದೋಕೆ ಬರಲ್ಲ. ನನ್ನ ಹೆಸರು ಬರ್ಕೊ. ಮಿಕ್ಕವರಿಗೆ ಇರಲಿ ಅಂತ ಹಾಕು. ಕನ್ನಡಕ ಮನೇಲಿ ಬಿಟ್ಟು ಬರೋದು ಯಾರಿಗೆ ತಪ್ಪಿದ್ದು?”

“ನಾನು ಇವತ್ತೇ ಬಿಟ್ಟು ಬಂದಿದೀನಿ,” ಎಂದರು ದೊಡ್ಡ ಡಾಕ್ಟರು.

ಪಾಸ್‌ವರ್ಡ್ ಬರೆದುಕೊಂಡ. ಅವನ ಪೆನ್ನು ಹಳೆಯ ಪಟ್ಟಿಯ ಮೇಲೆ ಒಂದಾದ ಮೇಲೊಂದು ಗೆರೆ ಎಳೆಯುವ ಸದ್ದು ಅವಳಿಗೆ ಕೇಳಿಸುತ್ತಿತ್ತು. ಇಪ್ಪತ್ತು, ಇಪ್ಪತ್ತೊಂದು, ಎಂದು ಅವಳು ಮನಸ್ಸಿನಲ್ಲೇ ಎಣಿಸಿದಳು.

“ಇನ್ನೊಂದು ಮಾತು ಸಾರ್. ಈ ನಾಲ್ಕರಿಂದಲೂ ಬಗೆಹರಿಯದ ಫೋನ್ ಕರೆ ದಿನಕ್ಕೆ ಹತ್ತಾದರೂ ಬರತ್ತೆ. ಗಾಬರಿಯಾದೋರು ಆ್ಯಪ್ ಒತ್ತಲ್ಲ, ಮನುಷ್ಯರನ್ನ ಕೇಳ್ತಾರೆ. ಅವರಿಗೆ ಯಾರು ಸಿಗ್ತಾರೆ?”

ದೊಡ್ಡ ಡಾಕ್ಟರು ಒಂದು ಗಂಟೆ ವಿವರಿಸಲಿಲ್ಲ. “ಬೋರ್ಡ್ ಇರಲಿ,” ಎಂದರು. “ಆಪರೇಟರಮ್ಮ ಅಲ್ಲೇ ಇರಲಿ. ಬಟ್ಟೆ ಕೋಣೆಗೆ ಬೇರೆ ಯಾರನ್ನಾದರೂ ನೋಡಿ. ಅರವತ್ತು ಫೋನೂ ಅವರ ಮೇಜಿನ ಮುಂದೆಯೇ ಸಿದ್ಧವಾಗಲಿ. ಅವರು ಸರಿ ಅಂದ ಮೇಲೆ ಹಂಚಿ.” ಆಮೇಲೆ ಗಡಿಯಾರ ನೋಡಿದರೆಂದು ಕಾಣುತ್ತದೆ. “ಎಲ್ಲರೂ ಊಟಕ್ಕೆ ಹೊರಡಿ.”

ಚಪ್ಪಾಳೆ ಮೊದಲು ಡ್ರೈವರನ ಕಡೆಯಿಂದ ಬಂದಿತು. ಹಾಗೇ ಸಾಲು ಸಾಲಾಗಿ ಮುಂದಕ್ಕೆ ಹಬ್ಬಿತು. ಅದರ ನಡುವೆ ಆಪರೇಟರಮ್ಮ ಕುರ್ಚಿಯ ಬೆನ್ನು ಹಿಡಿದು ನೆಟ್ಟಗೆ ನಿಂತಿದ್ದಳು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೆಂಗಸರ ವಾರ್ಡಿನಿಂದ ಫೋನು ಬರಲಿಲ್ಲ. ಎಂಟೂ ಐದಾಯಿತು. ಅಷ್ಟರಲ್ಲಿ ಹೊರಗಿನ ಉದ್ದನೆಯ ಓಣಿಯ ಆ ತುದಿಯಿಂದ ಒಂದು ದನಿ ಅಬ್ಬರಿಸಿತು: “ದಯವಿಟ್ಟು ಶಬ್ದ ಮಾಡಬೇಡಿ!”

ಯಾರೋ ಬೆಚ್ಚಿಬಿದ್ದು ಬಕೆಟ್ಟು ಎಡವಿದರು. ಆಯಾಳ ನಗು ಕೇಳಿಸಿತು. ಒಂದು ಕ್ಷಣ ಬಿಟ್ಟು ಮತ್ತೆ ಅದೇ ದನಿ, ಅದೇ ಜೋರಿನಲ್ಲಿ: “ದಯವಿಟ್ಟು ಶಬ್ದ ಮಾಡಬೇಡಿ!”

ಆಮೇಲೆ ದನಿ ಹತ್ತಿರ ಬರತೊಡಗಿತು. ರಕ್ತ ಪರೀಕ್ಷೆ. ಪಾದರಕ್ಷೆ ಹೊರಗೆ ಬಿಡಿ. ಮಕ್ಕಳ ಡಾಕ್ಟರು, ಒಂಬತ್ತರಿಂದ ಒಂದು. ಕುಡಿಯುವ ನೀರು. ಒಂದೊಂದು ಹಲಗೆಯ ಕೆಳಗೂ ಚಪ್ಪಲಿಯ ಸದ್ದು ನಿಲ್ಲುತ್ತಿತ್ತು, ಓದಿಸಿಕೊಂಡು ಮುಂದೆ ಬರುತ್ತಿತ್ತು. ಆಪರೇಟರಮ್ಮನ ಬಾಗಿಲ ಮುಂದೆ ಬಂದು ನಿಂತಿತು.

“ಟೆಲಿಫೋನ್ ಕೋಣೆ,” ಎಂದಿತು ಫೋನು. “ಅನುಮತಿ ಇಲ್ಲದೆ ಒಳಗೆ ಬರಬಾರದು.”

“ಹಾಗಂತ ಬರೆದಿದಾರಾ ಅಲ್ಲಿ?” ಆಪರೇಟರಮ್ಮ ಬೆರಗಾದಳು. “ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಹೇಳಲಿಲ್ಲ ನೋಡು!”

“ಬಂದು ಹೋಗಿ ಮಾಡ್ತಿದ್ದೋರೆಲ್ಲ ಕಳ್ಳರೇ ಹಾಗಾದರೆ,” ಎಂದಳು ಆಯಾ. ಅವಳ ದನಿ ಒಂದಿಷ್ಟು ಒದ್ದೆಯಾಗಿತ್ತು. “ಅಕ್ಕ, ಇರಿ, ಆ ಕಡೆ ಇನ್ನೂ ಆರು ಬಾಗಿಲಿದೆ.”

ಚಪ್ಪಲಿಯ ಸದ್ದು ಮುಂದಕ್ಕೆ ಹೋಯಿತು. ಬೋರ್ಡಿನಲ್ಲಿ ಗಂಟೆ ಬಾರಿಸಿತು. ಆಪರೇಟರಮ್ಮ ರಿಸೀವರ್ ಎತ್ತಿ, “ಒಂದು ನಿಮಿಷ ಇರಿ,” ಎಂದು ಅದನ್ನು ಎದೆಗೆ ಒತ್ತಿಕೊಂಡು, ಓಣಿಯ ಕಡೆಗೆ ಮುಖ ತಿರುಗಿಸಿ, ಮುಂದಿನ ಬಾಗಿಲಿನ ಹೆಸರಿಗಾಗಿ ಕಿವಿಗೊಟ್ಟು ಕೂತಳು.