ಹೊಳೆಗೆ ಬಿದ್ದ ಶಿಲುಬೆ

ಅಜ್ಜಂಪುರದ ಆ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಅಮೆರಿಕದ ಮುದುಕಿಯೊಬ್ಬಳ ದೆಸೆಯಿಂದ ತಿಂಡಿ ಆರಿ ತಣ್ಣಗಾಗುತ್ತಿತ್ತು.

ಸ್ಫೂರ್ತಿ ತರೀಕೆರೆ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ. ಓದುತ್ತಿದ್ದಳು. ಹೆಸರಾಂತ ಹಳೆಯ ಅಮೆರಿಕನ್ ಕಾದಂಬರಿಯೊಂದರಲ್ಲಿ ಬರುವ ಶಿಲುಬೆಯ ಬಗ್ಗೆ ನಾಳೆ ಅವಳ ಸೆಮಿನಾರ್. ಕಾದಂಬರಿಯನ್ನು ಪೂರ್ತಿ ಓದುವ ಗೋಜಿಗೆ ಹೋಗಿರಲಿಲ್ಲ. ಶಿಲುಬೆಯೆಂದರೆ ಯಾತನೆಯ ಸಂಕೇತ ಎಂದು ಗೈಡ್ ಹೇಳಿದ್ದನ್ನೇ ಉರು ಹೊಡೆದಿದ್ದಳು. ಅಭ್ಯಾಸವಾಗಲೆಂದು ಅಜ್ಜಿ ಸಾವಿತ್ರಮ್ಮನವರ ಮುಂದೆ ಕಥೆ ತೆಗೆದದ್ದೇ ತಪ್ಪಾಯಿತು. ದೋಣಿಯಲ್ಲಿ ಹೋಗುವಾಗ ಮುದುಕಿಯ ಕೊರಳಿನ ಶಿಲುಬೆ ಕಳಚಿ ಹೊಳೆಗೆ ಬಿತ್ತು ಎನ್ನುವಷ್ಟರಲ್ಲಿ, ಅಜ್ಜಿ ರೊಟ್ಟಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

“ಸಿಕ್ತಾ?”

“ನಾನು ಅಲ್ಲೀವರೆಗೇ ಓದಿರೋದು ಅಜ್ಜಿ.”

“ಹಂಗಾದ್ರೆ ಓದು. ಕೊರಳಲ್ಲಿರೋ ದೇವ್ರೇ ಕಳ್ದೋಗಿರೋವಾಗ ಹೆಂಗೆ ತಿನ್ನೋದು?”

ಅಜ್ಜಿಯ ಕೊರಳಲ್ಲಿರುವುದು ಇಷ್ಟಲಿಂಗ. ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ತೊಟ್ಟು ನೀರು ಕುಡಿದವರಲ್ಲ. ಲಿಂಗ ಕಳೆದರೆ ಸಿಗುವ ತನಕ ಉಪವಾಸ ಎನ್ನುವುದು ಅವರ ಮಟ್ಟಿಗೆ ಎರಡು ಮಾತಿಲ್ಲದ ನೇಮ. ಈಗ ಆ ನೇಮವನ್ನು ಅಮೆರಿಕಕ್ಕೂ ಹಬ್ಬಿಸಿ ಕೂತಿದ್ದರು. ಪೂಜೆ ಮುಗಿಸಿ ನುಂಗಿದ ಸಕ್ಕರೆ ಕಾಯಿಲೆಯ ಮಾತ್ರೆ ಬೇರೆ ಹೊಟ್ಟೆಯಲ್ಲಿತ್ತು; ಹೊತ್ತಿಗೆ ತಿನ್ನದಿದ್ದರೆ ತಲೆ ತಿರುಗಿ ಬೀಳುವುದು ಖಂಡಿತ.

“ಸಿಕ್ತು ಅಂದ್ಬಿಡೇ,” ಎಂದು ಅಮ್ಮ ಸುಮನಾ ಅಡುಗೆಮನೆಯಿಂದ ಬಂದು ಮಗಳ ಕಿವಿಯಲ್ಲಿ ಉಸುರಿದಳು. “ಅವ್ರಿಗೇನು ಇಂಗ್ಲಿಷ್ ಬರುತ್ತಾ?”

ಅನ್ನಬಹುದಿತ್ತು. ಅಜ್ಜಿಯ ಮುಖ ನೋಡಿ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಸ್ಫೂರ್ತಿ ಪುಸ್ತಕ ಬಿಚ್ಚಿ ಸರಸರ ಓದುತ್ತಾ, ಓದಿದ್ದನ್ನು ಕೂಡಲೇ ಕನ್ನಡದಲ್ಲಿ ಹೇಳುತ್ತಾ ಹೋದಳು. ಊರವರು ಹೊಳೆಗೆ ಬಲೆ ಬೀಸಿದರು. ಮಳೆ ಹಿಡಿಯಿತು, ನೀರು ಏರಿತು. ಪಾದ್ರಿ ಬೆಳ್ಳಿಯ ಹೊಸ ಶಿಲುಬೆ ತಂದುಕೊಟ್ಟರೆ ಮುದುಕಿ ಒಲ್ಲೆ ಎಂದಳು. “ಸರಿಯಾಗೇ ಮಾಡಿದ್ಲು,” ಎಂದು ಅಜ್ಜಿ ಮುಂದಕ್ಕೆ ಜರುಗಿ ಕೂತರು. ಸ್ಫೂರ್ತಿ ಮುಂದಿನ ಪುಟ ತಿರುವಿದಳು. ಪರೀಕ್ಷೆಗೆಂದು ಹಿಡಿದ ಯಾವ ಪುಸ್ತಕವೂ ಅವಳನ್ನು ಹೀಗೆ ಓಡಿಸಿರಲಿಲ್ಲ. ಒಲೆಯ ಮೇಲಿನ ಹಾಲನ್ನು ಮರೆತು ಸುಮನಾ ಕೂಡ ಅಲ್ಲೇ ನಿಂತುಬಿಟ್ಟಳು.

ಕೊನೆಯ ಪುಟಕ್ಕೆ ಬಂದಾಗ ಸ್ಫೂರ್ತಿಯ ದನಿ ಇಳಿಯಿತು.

“ಸಿಗ್ಲಿಲ್ಲ ಅಜ್ಜಿ.”

ಸುಮನಾ ಹಣೆ ಚಚ್ಚಿಕೊಂಡಳು. ಅಜ್ಜಿ ಮಾತ್ರ ಕದಲಲಿಲ್ಲ.

“ಆಮೇಲೆ ಏನ್ ಮಾಡಿದ್ಲು?”

“ಹೊಳೆ ದಂಡೇಲಿ ಬರಿ ಕೈ ಒಡ್ಡಿ, ದಿನಾ ಮಾಡೋ ಪ್ರಾರ್ಥನೆನೇ ಮಾಡಿದ್ಲು. ಮನೆಗೋಗಿ ರೊಟ್ಟಿ ಮುರಿದು ತಿಂದ್ಲು. ಅಷ್ಟೇ ಇರೋದು.”

ಅಜ್ಜಿ ತಮ್ಮ ಎಡ ಅಂಗೈ ಬಿಚ್ಚಿ, ಏನೂ ಇಲ್ಲದ ಅದನ್ನೇ ಬಹಳ ಹೊತ್ತು ನೋಡಿದರು. ಕಣ್ಣು ತುಂಬಿ ಬಂದಿತ್ತು.

“ಬರಿ ಕೈಲೂ ದೇವ್ರನ್ನ ಕಂಡ್ಳಲ್ಲೇ. ನನ್ ಕೈಲಿ ಆಗ್ತಿರ್ಲಿಲ್ಲ ಕಣೇ.”

ತಟ್ಟೆ ಎಳೆದುಕೊಂಡರು. ರೊಟ್ಟಿಯ ಮೊದಲ ತುಂಡನ್ನು ಮುರಿದು, ಕಣ್ಣಿಗೊತ್ತಿಕೊಂಡು, ತಟ್ಟೆಯ ಅಂಚಿಗಿಟ್ಟರು.

“ಇದು ಆಯಮ್ಮಂಗೆ,” ಎಂದರು. ಆಮೇಲೆ ತಾವು ತಿಂದರು.