ಗೋಡೆಯಾಚೆಯ ಹಗ್ಗ

ಅಕ್ಕ ತಂಗಿಯರ ಮಾತು ನಿಂತದ್ದು ಒಂದು ಅಂಗಿಯಿಂದ.

ಅಕ್ಕ ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವವಳು. ತಂಗಿ ಅಂಚೆ ಕಚೇರಿಯಲ್ಲಿ ಗುಮಾಸ್ತೆ. ಅಪ್ಪನ ಮನೆಯನ್ನು ಎರಡು ಪಾಲು ಮಾಡಿ ಹಿತ್ತಲಿನ ನಡುವೆ ಆಳೆತ್ತರದ ಗೋಡೆ ಎಬ್ಬಿಸಿದಾಗಲೂ ಇಬ್ಬರ ನಡುವೆ ಮಾತಿಗೆ ಬರವಿರಲಿಲ್ಲ. ಬಟ್ಟಲು, ಸುದ್ದಿ, ಪಕ್ಕದ ಮನೆಯವರ ಗುಟ್ಟು ಎಲ್ಲವೂ ಗೋಡೆ ಹತ್ತಿ ಇಳಿಯುತ್ತಿದ್ದವು. ಒಂದು ಬೆಳಗ್ಗೆ ತಂಗಿಯ ಬಟ್ಟೆ ಒಣಗಿಸುವ ತಂತಿಯ ಮೇಲೆ ಅಕ್ಕನಿಗೆ ಹೊಸ ಅಂಗಿಯೊಂದು ಕಂಡಿತು. ತಾನು ಹೊಲಿದದ್ದಲ್ಲ. ತೋಳು ಕೂಡಿಸಿದ ರೀತಿ ನೋಡಿದರೇ ಗೊತ್ತಾಗುತ್ತಿತ್ತು, ಪೇಟೆಯ ಯಾವನೋ ಬಸ್ಸಿಗೆ ಹೊತ್ತಾಯಿತೆಂಬಂತೆ ಮಿಷನ್ ಓಡಿಸಿದ್ದ. ಬುದ್ಧಿ ಬಂದಾಗಿನಿಂದ ತಂಗಿಯ ಮೈಮೇಲೆ ಬೇರೆಯವರ ಹೊಲಿಗೆ ಬಿದ್ದದ್ದಿಲ್ಲ. ಯಾಕೆಂದು ಅಕ್ಕ ಕೇಳಲಿಲ್ಲ. ಅವಳು ಕೇಳಲಿಲ್ಲವೆಂದು ತಂಗಿ ಹೇಳಲಿಲ್ಲ.

ವರ್ಷವೇ ಕಳೆಯಿತು. ಆ ಮೌನದೊಳಗೆ ಅಕ್ಕನಿಗೆ ಎಲ್ಲವೂ ಕೇಳುತ್ತಿತ್ತು: ಆಚೆಯ ನಲ್ಲಿ, ಆಚೆಯ ಚಪ್ಪಲಿ, ಆಚೆಯ ಚಿಲಕ. ಮಾತೊಂದು ಬಿಟ್ಟು.

ಅಕ್ಕನ ಹಿತ್ತಲಲ್ಲಿ ಒಂದು ನೇರಳೆ ಮರ. ಅದರ ದೊಡ್ಡ ಕೊಂಬೆ ಗೋಡೆ ದಾಟಿ ತಂಗಿಯ ಹೆಂಚಿನ ಮೇಲೆ ಚಾಚಿಕೊಂಡಿತ್ತು. ಮೊನ್ನೆಯ ಗಾಳಿಗೆ ಕೊಂಬೆ ಬುಡದಲ್ಲಿ ಬಿರುಕು ಬಿಟ್ಟಿತು. ಅಂದು ಸಂಜೆ ಅಕ್ಕನ ಗಂಡ ನಾದಿನಿಯ ಸಂದೇಶ ಹೊತ್ತು ತಂದ. ವರ್ಷದಿಂದ ಅವನಿಗೆ ಇದೇ ಕೆಲಸ. ಅಂಚೆ ಕಚೇರಿಯಲ್ಲಿ ಕೂರುವವಳು ಅವಳು, ಮನೆಮನೆ ಅಲೆಯುವ ಪೇದೆ ತಾನು ಎಂದು ಗೊಣಗುತ್ತಿದ್ದ.

"ಕೊಂಬೆ ತೆಗೆಸಬೇಕಂತೆ. ಒಂದು ಹೆಂಚು ಒಡೆದ್ರೂ ಮರಾನೇ ಬುಡಸಮೇತ ತೆಗೆಸ್ತಾಳಂತೆ."

ಬೇಸಿಗೆಯ ಮಧ್ಯಾಹ್ನಗಳಲ್ಲಿ ಅವಳ ಹೊಲಿಗೆ ಮಿಷನ್ ಆ ಮರದ ಕೆಳಗೇ. ಅದೂ ಇರಲಿ, ಹಣ್ಣು ಉದುರುವ ಕಾಲದಲ್ಲಿ ಆಯ್ದುಕೊಳ್ಳಲು ತಂಗಿ ಗೋಡೆಯ ಹತ್ತಿರ ಬರುತ್ತಾಳೆ. ಮರ ಹೋದರೆ ಅದೂ ಇಲ್ಲ.

ಕೊಂಬೆ ಕಡಿಯಲೆಂದು ಮೊದಲು ಬಂದವನ ಹೆಗಲ ಮೇಲೆ ಬರೀ ಕೊಡಲಿ.

"ಹಗ್ಗ ಎಲ್ಲಪ್ಪಾ?"

"ಹಗ್ಗ ಯಾಕಮ್ಮಾ? ಕಡಿದ್ರೆ ಕೆಳಗೇ ತಾನೇ ಬೀಳೋದು, ಮೇಲಕ್ಕೆ ಹೋಗುತ್ತಾ?"

"ಕೆಳಗೆ ಹೆಂಚಿದೆ."

"ಹೆಂಚು ತಾನೇ!"

ಅಕ್ಕ ಅವನನ್ನು ಗೇಟಿನ ತನಕ ಮರ್ಯಾದೆಯಿಂದಲೇ ಬಿಟ್ಟು ಬಂದಳು. ಆಮೇಲೆ ಬೀದಿಗಳಲ್ಲಿ ತಲೆ ಎತ್ತಿಕೊಂಡು ತಿರುಗಿದಳು. ಎಷ್ಟೋ ಮರಗಳು ತಲೆ ಬೋಳಿಸಿಕೊಂಡು ನಿಂತಿದ್ದವು. ಶಾಲೆಯ ಅಂಗಳದ ಮರಗಳು ಮಾತ್ರ ಯಾರೂ ಮುಟ್ಟಿಯೇ ಇಲ್ಲವೇನೋ ಎನ್ನುವಷ್ಟು ಹದವಾಗಿದ್ದವು. ಸವರಿದ್ದು ಯಾರೆಂದು ಕೇಳಿದಾಗ 'ಅಳಿಲು' ಎಂದರು.

ಹೆಸರು ಅಳಿಲು, ಆಕಾರ ಹಂಡೆ. ಬಂದವನು ಮರವನ್ನು ಮುಟ್ಟದೆ ಬಾಯಿ ತೆರೆದುಕೊಂಡು ಸುತ್ತು ಹಾಕಿದ. ಗೋಡೆಗೆ ಏಣಿ ಇಟ್ಟು ಆಚೆಯ ಹೆಂಚನ್ನೂ ನೋಡಿದ. ಕೊನೆಗೆ ಬುಡಕ್ಕೆ ಬಂದು ನಿಂತ. ಅಲ್ಲಿ ಅಕ್ಕ ಗುಡಿಸಿದ ತರಗೆಲೆಯೆಲ್ಲ ಕಾಂಡಕ್ಕೆ ಒತ್ತಿಕೊಂಡು ಗುಡ್ಡೆಯಾಗಿತ್ತು.

"ಇದಕ್ಕೇನು ಚಳಿನಾ ತಾಯಿ, ಕುತ್ತಿಗೆವರೆಗೂ ಹೊದಿಸಿದೀರಿ?"

"ಗೊಬ್ಬರ ಆಗ್ಲಿ ಅಂತ..."

"ತೊಗಟೆ ಕೊಳೆಯುತ್ತೆ. ಒಂದು ಮೊಳ ಆಚೆ ಸರಿಸಿ. ನೀರೂ ಅಷ್ಟೇ, ಬುಡಕ್ಕೆ ಸುರೀಬೇಡಿ, ನೆರಳಿನ ಅಂಚಿಗೆ ಹಾಕಿ."

"ಇವಳ ಪ್ರೀತೀನೇ ಹಾಗೆ," ಎಂದ ಗಂಡ, "ಉಸಿರು ಕಟ್ಟುತ್ತೆ."

ಕೆಲಸದ ದಿನ ಅಳಿಲು ಒಬ್ಬನೇ ಬಂದ. ಜೊತೆಯವನಿಗೆ ಜ್ವರವಂತೆ. ಬೇರೆ ದಿನ ನೋಡೋಣವೆಂದರೆ ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು, ಕೊಂಬೆ ಇನ್ನೊಂದು ಗಾಳಿ ತಡೆಯುವಂತಿರಲಿಲ್ಲ. ಅವನು ಒಂದು ದಪ್ಪ ಹಗ್ಗವನ್ನು ಮೇಲಿನ ಕವಲಿನ ಮೂಲಕ ತಂದು ಕೊಂಬೆಗೆ ಬಿಗಿದ. ಅದರ ಇನ್ನೊಂದು ತುದಿಯನ್ನು ಬುಡದ ಕಾಂಡಕ್ಕೆ ಮೂರು ಸುತ್ತು ಸುತ್ತಿ ಅಕ್ಕನ ಕೈಗೆ ಕೊಟ್ಟ.

"ಭಾರ ಎಲ್ಲಾ ಮರದ್ದು. ನಿಮ್ಮದು ಬರೀ ಮೆಲ್ಲಗೆ ಬಿಡೋ ಕೆಲಸ."

ಕೊಂಬೆಯ ತುದಿಗೆ ಕಟ್ಟಿದ ತೆಳು ಹಗ್ಗವನ್ನು ಗೋಡೆಯಾಚೆ ಎಸೆದ. ಇವರು ಬಿಡುವಾಗ ಅತ್ತ ಯಾರಾದರೂ ಅದನ್ನೆಳೆದು ಕೊಂಬೆಯನ್ನು ಹೆಂಚಿನಿಂದ ತಪ್ಪಿಸಬೇಕು. ಅತ್ತ ಇದ್ದವಳು ಒಬ್ಬಳೇ.

"ಒಂದೇ ನಿಯಮ," ಅಳಿಲು ಮರ ಹತ್ತಿ ಮೇಲಿನಿಂದ ಕೂಗಿದ. "ಈಚೆಯವರು ಕೇಳಬೇಕು, ಆಚೆಯವರು ಹೇಳಬೇಕು. ಗೋಡೆ ಇದೆ, ಕೈಸನ್ನೆ ನಡೆಯಲ್ಲ. ಉತ್ತರ ಬರದೆ ನಾನು ಗರಗಸ ಮುಟ್ಟಲ್ಲ."

ಅಕ್ಕ ಗಂಡನತ್ತ ನೋಡಿದಳು. "ನೀವು ಹಿಡೀರಿ ಇದನ್ನ. ನೀವೇ ಕೇಳಿ."

"ಬೆಳಗ್ಗೆಯಿಂದ ಸೊಂಟ ಹಿಡ್ಕೊಂಡಿದೆ ಕಣೇ."

"ಕೂಗೋಕೂ ಸೊಂಟ ಬೇಕಾ?"

"ನನ್ನ ಕೂಗು ಅಲ್ಲಿಂದಲೇ ಹೊರಡೋದು."

ಅಕ್ಕ ಗೋಡೆಗೆ ಮುಖ ಮಾಡಿದಳು. "ಆಚೆಯವರು ಹಿಡಿದಿದಾರಾ?"

ಗೋಡೆಯಾಚೆಯಿಂದ ಉತ್ತರ ಬಂತು. "ಆಚೆಯವರು ಹಿಡಿದಿದಾರೆ."

"ಯಾವ ಆಚೆ?" ಅಳಿಲು ರೇಗಿದ. "ಇಲ್ಲಿಂದ ನೋಡಿದ್ರೆ ಎರಡೂ ಆಚೆನೇ! ಮನೇಲಿ ಹೇಗೆ ಕರೀತೀರೋ ಹಾಗೆ ಕರೀರಿ. ಜೀವ ಇಲ್ಲಿ ನೇತಾಡ್ತಿದೆ."

ಅಕ್ಕ ಹಗ್ಗವನ್ನು ನೋಡಿದಳು. ಎಲೆಯೊಂದು ಸುತ್ತುತ್ತ ಗೋಡೆಯ ಮೇಲೆ ಬಿದ್ದು, ಯಾವ ಕಡೆಗೆಂದು ತೀರ್ಮಾನವಾಗದೆ ಅಲ್ಲೇ ಕೂತಿತು.

"ಪುಟ್ಟೀ... ಹಿಡಿದಿದೀಯಾ?"

ಆಚೆ ಯಾರೋ ಮೂಗೆಳೆದುಕೊಂಡ ಸದ್ದು. "ಹಿಡಿದಿದೀನಿ ಅಕ್ಕಾ."

ಅಳಿಲು ಮೊದಲು ಕೊಂಬೆಯ ಅಡಿಯಿಂದ ಒಂದು ಗೀರು ಹಾಕಿದ, ತೊಗಟೆ ಸುಲಿದುಕೊಂಡು ಬಾರದಿರಲೆಂದು. ಆಮೇಲೆ ಮೇಲಿನಿಂದ ಕೊಯ್ದ. ಕೊಂಬೆ ಲಟ್ಟೆಂದು ಕಳಚಿ ಹಗ್ಗದಲ್ಲಿ ತೂಗಿತು.

"ಬಿಡ್ತಾ ಇದೀನಿ ಪುಟ್ಟೀ, ಎಳಿ!"

"ಎಳೀತಾ ಇದೀನಿ, ನಿಧಾನ ಬಿಡೇ ಅಕ್ಕಾ!"

"ಹೆಂಚು! ಹೆಂಚು ನೋಡ್ಕೋ!"

"ನೋಡ್ತಾ ಇದೀನಿ, ನೀನು ಕಿರುಚಬೇಡ!"

ಅಷ್ಟರಲ್ಲಿ ಗೋಡೆಯಾಚೆ ಪರ್ರ್ ಎಂದಿತು. ಗಂಡ ಬೆಚ್ಚಿಬಿದ್ದ. ಅಕ್ಕ ಹಗ್ಗ ಬಿಡಲಿಲ್ಲ. ಜೀವನವಿಡೀ ಕೇಳಿದ ಸದ್ದದು. ಕೊಂಬೆ ಹೆಂಚನ್ನು ಸವರದೆ ಜಾರಿ ತಂಗಿಯ ಹಿತ್ತಲಲ್ಲಿ ಧೊಪ್ಪೆಂದು ಕೂತ ಮೇಲೆ ಮೆಲ್ಲಗೆ ಕೇಳಿದಳು.

"ಹೊಲಿಗೆ ಬಿಡ್ತಾ?"

"...ಬಿಡ್ತು."

"ಕಂಕುಳಲ್ಲಾ?"

"ಹೂಂ."

"ಯಾರ ಹೊಲಿಗೆ?"

ಆಚೆಯ ದನಿ ನಗು ತಡೆದಿಟ್ಟುಕೊಂಡಿತ್ತು. "ಅದೇ. ಪೇಟೆಯವನದ್ದು."

ಅಕ್ಕ ಹಗ್ಗದ ಮೇಲೆಯೇ ಕುಸಿದು ಕೂತು ನಕ್ಕಳು. ಆಚೆಯ ನಗು ಗೋಡೆ ಹತ್ತಿ ಇಳಿಯಿತು.

"ಆವಾಗ ನಿನ್ನ ಕಣ್ಣಿಗೆ ಆಪರೇಷನ್ ಆಗಿತ್ತಲ್ಲೇ. ಬಟ್ಟೆ ನಿಂಗೆ ಕೊಟ್ಟಿದ್ರೆ ಅದೇ ಕಣ್ಣಲ್ಲಿ ಹೊಲಿಯೋಕೆ ಕೂರ್ತಿದ್ದೆ," ಎಂದಳು ತಂಗಿ.

"ಹೇಳಬಾರದಿತ್ತಾ?"

"ಕೇಳಬಾರದಿತ್ತಾ?"

ಅಳಿಲು ಉಳಿದ ಮೋಟನ್ನು, ಅದು ಕಾಂಡಕ್ಕೆ ಸೇರುವ ಕಡೆಯ ಉಬ್ಬಿಗೆ ಪೆಟ್ಟಾಗದಂತೆ ನೀಟಾಗಿ ಕೊಯ್ದು ಇಳಿದ.

"ಗಾಯಕ್ಕೆ ಬಣ್ಣ ಬಳಿಯೋದು ಬೇಡ್ವಾ?" ಅಕ್ಕ ಕೇಳಿದಳು.

"ಬೇಡ. ಅದೇ ಮುಚ್ಚಿಕೊಳ್ಳುತ್ತೆ, ನೀವು ಕೆದಕದಿದ್ರೆ."

ಅಕ್ಕನ ಗಂಡ ಆಗಲೇ ಆಚೆ ಹಿತ್ತಲಿಗೆ ಹೋಗಿ ಕೊಂಬೆಯ ದಪ್ಪ ತುದಿಯನ್ನು ಹೆಗಲ ಮೇಲೆ ಎತ್ತಿಕೊಂಡಿದ್ದ.

"ಭಾವಾ, ಸೊಂಟ ನೋವಂತೆ?" ತಂಗಿಯ ದನಿ.

"ಶ್, ಮೆಲ್ಲಗೆ ಹೇಳೇ!"

"ನಂಗೂ ಕೇಳಿಸ್ತು," ಎಂದಳು ಅಕ್ಕ ಈಚೆಯಿಂದ. ಆಮೇಲೆ ಕೇಳಿದಳು, "ಮರ?"

"ಹೆಂಚು ಒಡೆದಿಲ್ಲವಲ್ಲ. ಇರ್ಲಿ ಬಿಡು."

ಅಂಗಿ ಬದಲಿಸುವಷ್ಟು ಹೊತ್ತು ಕಳೆದು ಗೋಡೆಯ ಮೇಲೆ ಒಂದು ಕೈ ಕಾಣಿಸಿತು, ಕೈಯಲ್ಲಿ ಹರಿದ ಅಂಗಿ. ಅಕ್ಕ ಅದನ್ನು ತೆಗೆದುಕೊಂಡು, ತಿರುವಿ ಒಳಹೊಲಿಗೆ ನೋಡಿ, ಛೇ ಛೇ ಎನ್ನುತ್ತ ಮರದ ಕೆಳಗಿನ ಮಿಷನ್ನಿಗೆ ಕೂತಳು. ಕಂಕುಳನ್ನಷ್ಟೇ ಹೊಲಿಯಲಿಲ್ಲ. ಎರಡೂ ತೋಳು ಬಿಚ್ಚಿ ಮೊದಲಿನಿಂದ ಕೂಡಿಸತೊಡಗಿದಳು.