ರಾಮಾಂಜಿನಪ್ಪನ ಮನೆಯ ಹೂಕುಂಡ

ದೀಪಾವಳಿ ಹತ್ತಿರ ಬಂತೆಂದರೆ ಎಲ್ಲರ ಮನೆಯಲ್ಲೂ ಒಂದೇ ಗೋಳು. ಅಂಗಡಿಯಲ್ಲಿ ಪಟಾಕಿ ಬೆಲೆ ಕೇಳಿದರೆ ದೊಡ್ಡವರ ತಲೆ ತಿರುಗುತ್ತದೆ. ಕೊಡಿಸುವುದಿಲ್ಲ ಎಂದರೆ ಮಕ್ಕಳ ಮುಖ ಊದಿಕೊಳ್ಳುತ್ತದೆ. ಆಗ ಯಾರಾದರೊಬ್ಬರು ಬಾಯಿ ಹಾಕುತ್ತಾರೆ: “ಅಯ್ಯೋ, ಅದೇನ್ ಮಹಾ! ಮನೇಲೇ ಮಾಡ್ಕೋಬೋದು.” ನಮ್ಮ ಬೀದಿಯಲ್ಲಿ ಹಾಗೆ ಹೇಳುತ್ತಿದ್ದವರು ರಾಮಾಂಜಿನಪ್ಪ. ಬರೀ ಹೇಳುತ್ತಿರಲಿಲ್ಲ, ಮಾಡುತ್ತಲೂ ಇದ್ದರು.

ನನ್ನ ಹೆಸರು ಪ್ರಮೋದಾ. ಕುಂದಾಣ ಹೋಬಳಿಯಲ್ಲಿ ನಮ್ಮೂರು. ನಮ್ಮ ಅಡುಗೆಮನೆಗೂ ರಾಮಾಂಜಿನಪ್ಪನವರ ಹಳೇ ಕೊಟ್ಟಿಗೆಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆ ಸೀನಿದರೆ ಈ ಕಡೆ ಕೇಳಿಸುತ್ತದೆ. ಕೇಳಿಸದಿದ್ದರೆ ನಾನೇ ಹೋಗಿ ಏನು ಎತ್ತ ಎಂದು ವಿಚಾರಿಸಿಕೊಂಡು ಬರುತ್ತೇನೆ. ಆ ಗುಣ ನನಗಿದೆ, ಮುಚ್ಚಿಡುವುದೇಕೆ?

ರಾಮಾಂಜಿನಪ್ಪನವರದು ದ್ರಾಕ್ಷಿ ತೋಟ. ಆದರೆ ಹಬ್ಬ ಬಂದರೆ ಅವರ ಹೆಸರು ಹೇಳುವುದು ದ್ರಾಕ್ಷಿಯಿಂದಲ್ಲ, ಕಿಡಿಗಳನ್ನು ಹೂವಿನಂತೆ ಚಿಮ್ಮುವ ಪಟಾಕಿ ಹೂಕುಂಡದಿಂದ. ಪುಟ್ಟ ಪುಟ್ಟ ಮಣ್ಣಿನ ಕುಡಿಕೆಗಳನ್ನು ತಂದು, ಕೊಟ್ಟಿಗೆಯಲ್ಲಿ ಕೂತು, ಅವುಗಳಿಗೆ ತಮ್ಮ ಕೈಯಾರೆ ಮದ್ದು ತುಂಬುತ್ತಿದ್ದರು. ಹಬ್ಬದ ಸಂಜೆ ಅವರ ಅಂಗಳದಲ್ಲಿ ಬೀದಿಗೆ ಬೀದಿಯೇ ನೆರೆಯುತ್ತಿತ್ತು. ನಾನೂ ಹಲ್ಲು ಕಿರಿದುಕೊಂಡು ನಿಂತು ನೋಡಿದವಳೇ.

ಅವರ ಮೊಮ್ಮಗಳು ಸಿಂಚನ ಒಂಬತ್ತನೇ ಕ್ಲಾಸು. ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ಕಂಪನಿ ಬಸ್ಸು ಹತ್ತಿದರೆ ಸಂಜೆಯೇ ಬರುವುದು. ಹಾಗಾಗಿ ಹುಡುಗಿ ಬೆಳೆದದ್ದೆಲ್ಲ ತಾತ ಅಜ್ಜಿಯ ಕೈಯಲ್ಲಿ. ಅವಳ ಬಾಯಿಗೆ ಬಿಡುವೆಂಬುದಿಲ್ಲ, ಬರೀ ಪ್ರಶ್ನೆ. ಈ ವರ್ಷ ಆ ಪ್ರಶ್ನೆಗಳೆಲ್ಲ ಹೂಕುಂಡದ ಮೇಲೆ ತಿರುಗಿದವು.

“ತಾತ, ಕಿಡಿ ಮೇಲಕ್ಕೇ ಯಾಕೆ ಹೋಗುತ್ತೆ? ಪಕ್ಕಕ್ಕೆ ಯಾಕೆ ಹೋಗಲ್ಲ?”

“ಅದು ಹಂಗೇ ಕಣಮ್ಮ.”

“ಹಂಗೇ ಅಂದ್ರೆ ಹೆಂಗೆ? ಒಂದೊಂದು ಹಸಿರಾಗಿ ಬರುತ್ತಲ್ಲ, ಆ ಹಸಿರು ಅದರೊಳಗೆ ಎಲ್ಲಿತ್ತು? ಫೋನಲ್ಲಿ ನೂರೆಂಟು ವಿಡಿಯೋ ಇದೆ ತಾತ. ಆದ್ರೆ ನಾನು ನಿನ್ನ ಹತ್ರಾನೇ ಕಲೀಬೇಕು.”

ಇಷ್ಟು ಕೇಳಿದ್ದೇ ತಡ, ರಾಮಾಂಜಿನಪ್ಪನವರು ಉಬ್ಬಿಹೋದರು. ಪಾಪ, ಆ ಮನೆಯಲ್ಲಿ ಯಾರಿಗೆ ಏನು ಬೇಕಾದರೂ ಫೋನನ್ನು ಕೇಳುತ್ತಾರೆ. ಅವರನ್ನು ಕೇಳಿ ಕಲಿಯುತ್ತೇನೆ ಎಂದವರು ಈ ಹುಡುಗಿ ಒಬ್ಬಳೇ. “ಭಾನುವಾರ ಬಾ ಮಗ, ಕೊಟ್ಟಿಗೇಲಿ ನನ್ ಪಕ್ಕ ಕೂತ್ಕೋ. ಎಲ್ಲಾ ಹೇಳ್ಕೊಡ್ತೀನಿ” ಎಂದುಬಿಟ್ಟರು.

ಅವರ ಹೆಂಡತಿ ಮುನಿತಾಯಮ್ಮನಿಗೆ ಅನ್ನ ಇಳಿಯಲಿಲ್ಲ. ನನ್ನ ಹತ್ತಿರ ಓಡಿ ಬಂದರು. “ಪ್ರಮೋದಾ, ನೀನಾದ್ರೂ ಹೇಳೇ. ಇವರೊಬ್ರು ಮಾಡ್ಕೊಂಡಿದ್ದು ಸಾಲ್ದು ಅಂತ ಆ ಹೆಣ್ ಕೂಸನ್ನೂ ಮದ್ದಿನ ಮುಂದೆ ಕೂರುಸ್ತಾರಂತೆ.”

ನಾನು ಸೆರಗು ಸಿಕ್ಕಿಸಿಕೊಂಡು ಹೋದೆ. “ದೊಡ್ಡಪ್ಪ, ನಿಮ್ ಕೊಟ್ಟಿಗೆ ಗೋಡೆ ಆ ಕಡೆ ನನ್ನ ಗ್ಯಾಸ್ ಒಲೆ ಐತೆ, ನೆನಪೈತಾ?”

“ಇಷ್ಟು ವರ್ಷದಿಂದ ಮಾಡ್ತಿದೀನಿ. ನಿನ್ ಗೋಡೆ ಬಿದ್ದೈತಾ?”

“ಇಲ್ಲ.”

“ನನ್ದೊಂದು ಕೂದಲು ಸುಟ್ಟೈತಾ?”

“ಅದೂ ಇಲ್ಲ.”

“ಮತ್ತಿನ್ನೇನು? ಹೋಗು, ಸಾರು ಉಕ್ಕುತ್ತೆ ನೋಡ್ಕೋ.”

ನಾನು ಬಾಯಿ ಮುಚ್ಚಿಕೊಂಡು ವಾಪಸ್ಸು ಬಂದೆ. ನನ್ನ ಬಾಯಿ ಮುಚ್ಚಿಸಿದರು ಎಂಬುದೇ ಊರಿಗೆಲ್ಲ ಸುದ್ದಿಯಾಯಿತು.

ಶನಿವಾರ ಅನೀಸ್ ಅಹಮದ್ ಬಂದರು. ದೇವನಹಳ್ಳಿಯಲ್ಲಿ ಅವರದು ಕನ್ನಡಕದ ಅಂಗಡಿ. ಮುನಿತಾಯಮ್ಮನ ಕಣ್ಣಿನ ಪೊರೆ ತೆಗೆಸಿದ ಮೇಲೆ ಹೊಸ ಕನ್ನಡಕ ಮಾಡಿಸಿದ್ದರಲ್ಲ, ಅದನ್ನು ಕೊಟ್ಟು, ಸರಿಯಾಗಿ ಕಾಣುತ್ತದೋ ಇಲ್ಲವೋ ಪರೀಕ್ಷಿಸಿ ಹೋಗಲು ಬಂದಿದ್ದರು. ನಾನೂ ಒಂದು ಲೋಟ ಮಜ್ಜಿಗೆ ಕೊಡುವ ನೆಪ ಮಾಡಿಕೊಂಡು ಅಲ್ಲೇ ಸೇರಿಕೊಂಡೆ.

ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದ ಖಾಲಿ ಕುಡಿಕೆ ನೋಡಿ ಅನೀಸ್ ಕೇಳಿದರು, “ಏನ್ ರಾಮಾಂಜಿನಣ್ಣ, ಹಬ್ಬಕ್ಕೆ ದೀಪ ಹಚ್ಚೋಕಾ?”

“ದೀಪಕ್ಕಲ್ಲ ಕಣಪ್ಪಾ, ಹೂಕುಂಡಕ್ಕೆ. ನಾಳೆ ಮೊಮ್ಮಗಳಿಗೂ ಕಲಿಸ್ತೀನಿ.”

ಅನೀಸ್ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. “ಅಣ್ಣ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಪ್ರತಿ ವರ್ಷ ಹಬ್ಬ ಮುಗಿದ ಮೇಲೆ ನಮ್ ಅಂಗಡಿಗೆ ಕಪ್ಪು ಕನ್ನಡಕ ಕೇಳ್ಕೊಂಡು ಬರೋರು ಇರ್ತಾರೆ. ಬಿಸಿಲಿಗಲ್ಲ. ಹೋಗಿರೋ ಕಣ್ಣು ಮುಚ್ಚಿಡೋಕೆ. ಅದರಲ್ಲಿ ಮಕ್ಕಳೂ ಇರ್ತಾರೆ.”

“ಅವೆಲ್ಲಾ ಅಂಗಡಿ ಪಟಾಕಿ. ಮನೇದು ಹಂಗಲ್ಲ. ಏನ್ ಹಾಕಿದೀವಿ ಅಂತ ನಮಗೆ ಗೊತ್ತಿರುತ್ತೆ” ಎಂದರು ರಾಮಾಂಜಿನಪ್ಪ.

ಅನೀಸ್ ವಾದಕ್ಕೆ ಇಳಿಯಲಿಲ್ಲ. ತಮ್ಮ ಪೆಟ್ಟಿಗೆಯಿಂದ ಒಂದು ವಿಚಿತ್ರ ಕನ್ನಡಕ ತೆಗೆದರು. ಎರಡು ದುಂಡನೆಯ ಬಳೆಗಳ ಹಾಗಿತ್ತು. ಬೇಕಾದ ಗಾಜು ಹಾಕಬಹುದು, ತೆಗೆಯಬಹುದು. ಅದರ ಬಲಗಡೆಗೆ ಒಂದು ಕರಿ ಬಿಲ್ಲೆ ಸಿಕ್ಕಿಸಿದರು. ಸಿಂಚನ ಆಗಲೇ ಮೂಗು ತೂರಿಸಿದ್ದಳು. “ಅಂಕಲ್, ಇದೇನು? ಇದ್ಯಾಕೆ ಕಪ್ಪಗಿದೆ? ನಾನು ಹಾಕ್ಕೊಳ್ಳಲಾ?”

“ಮೊದಲು ನಿಮ್ ತಾತ ಹಾಕ್ಕೊಳ್ಳಲಿ. ಅಣ್ಣ, ಇನ್ನೊಂದು ಖಾಲಿ ಲೋಟ ತಗೊಂಡು ಕೈ ಎರಡೂ ಉದ್ದಕ್ಕೆ ಚಾಚಿ. ಈ ಲೋಟದ ಮಜ್ಜಿಗೆನ ಆ ಲೋಟಕ್ಕೆ ಹಾಕಿ, ಅಷ್ಟೇ.”

“ಇದೇನ್ ಮಕ್ಕಳಾಟನಪ್ಪಾ” ಎಂದು ರಾಮಾಂಜಿನಪ್ಪ ನಗುತ್ತಲೇ ಸುರಿದರು. ಮಜ್ಜಿಗೆ ಲೋಟದ ಪಕ್ಕದಲ್ಲಿ ಇಳಿದು ಪಂಚೆಯ ಮೇಲೆ ಬಿತ್ತು. ಮುನಿತಾಯಮ್ಮ ಹೊಸ ಕನ್ನಡಕ ಸರಿಮಾಡಿಕೊಂಡು, “ಈಗ ನಂಗೆ ಎಲ್ಲಾ ಚೆನ್ನಾಗಿ ಕಾಣ್ತೈತೆ” ಎಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಆಮೇಲೆ ಸಿಂಚನ ಹಾಕಿಕೊಂಡಳು. ಅನೀಸ್ ಅವಳ ಕೈಗೆ ಪೆನ್ನು ಕೊಟ್ಟು, ಅದರ ಮುಚ್ಚಳವನ್ನು ತಾವು ದೂರ ಹಿಡಿದು, “ಇದರೊಳಗೆ ಪೆನ್ನು ತೂರಿಸು ನೋಡೋಣ” ಎಂದರು. ಹುಡುಗಿ ಚುಚ್ಚಿದಳು, ತಪ್ಪಿತು. ಮತ್ತೆ ಚುಚ್ಚಿದಳು, ಮತ್ತೆ ತಪ್ಪಿತು. “ಇಲ್ಲೇ ಇದೆಯಲ್ಲ! ಯಾಕೆ ಸಿಗ್ತಿಲ್ಲ? ಅಂಕಲ್, ಯಾಕೆ ಸಿಗ್ತಿಲ್ಲ?”

“ಎರಡು ಕಣ್ಣೂ ಸೇರಿದ್ರೇನೇ ಯಾವುದು ಹತ್ರ, ಯಾವುದು ದೂರ ಅಂತ ಸರಿಯಾಗಿ ತಿಳಿಯೋದಮ್ಮ. ಒಂದು ಕಣ್ಣು ಹೋದೋರೂ ಬದುಕ್ತಾರೆ, ಚೆನ್ನಾಗೇ ಬದುಕ್ತಾರೆ. ಆದ್ರೆ ಮೆಟ್ಟಿಲು ಇಳಿಯೋದ್ರಿಂದ ಹಿಡಿದು ಎಲ್ಲಾ ಹೊಸದಾಗಿ ಕಲೀಬೇಕು.”

ಹುಡುಗಿ ಕರಿ ಬಿಲ್ಲೆಯ ಕನ್ನಡಕದಲ್ಲೇ ತಾತನ ಕಡೆ ತಿರುಗಿದಳು. ಮೊಮ್ಮಗಳ ಮುಖದಲ್ಲಿ ಒಂದು ಕಣ್ಣಿನ ಜಾಗ ಕಪ್ಪಗಿರುವುದನ್ನು ನೋಡಿ ರಾಮಾಂಜಿನಪ್ಪನವರ ನಗು ನಿಂತಿತು. ಆದರೂ ಬಿಡಲಿಲ್ಲ. “ನನ್ ಕೈಯಲ್ಲಿ ಹಂಗೆ ಆಗಲ್ಲ ಬಿಡು” ಎಂದರು. ದನಿ ಮಾತ್ರ ಸಣ್ಣಗಾಗಿತ್ತು.

ಸಿಂಚನಳಿಗೆ ಬೇರೆಯೇ ಏನೋ ಹೊಳೆಯಿತು. “ತಾತ, ಹೋದ ವರ್ಷ ಒಂದು ಕುಂಡ ಕರೆಂಟ್ ತಂತಿವರೆಗೂ ಹೋಯ್ತು. ಒಂದು ಠುಸ್ ಅಂತು. ಒಂದು ಎರಡು ಹೋಳಾಗಿ ಒಡೀತು, ಚೂರು ಬಂದು ಬಾಗಿಲಿಗೆ ಬಡೀತು. ಎಲ್ಲಾ ನೀನೇ ಮಾಡಿದ್ದು, ಒಂದೇ ದಿನ ಮಾಡಿದ್ದು. ಅದ್ಯಾಕೆ ಬೇರೆ ಬೇರೆ ಥರ ಆಯ್ತು?”

“ಅದು... ಒಂದೊಂದು ಸಲ ಹಂಗಾಗುತ್ತೆ ಮಗ.”

“ಕೊಟ್ಟಿಗೆ ಅಟ್ಟದ ಮೇಲೆ ಹೋದ ವರ್ಷದ್ದು ಮೂರು ಉಳಿದಿದೆಯಲ್ಲ, ಅದರಲ್ಲಿ ಯಾವುದು ಒಡೆಯುತ್ತೆ?”

ರಾಮಾಂಜಿನಪ್ಪ ಎದ್ದು ಕೊಟ್ಟಿಗೆ ಬಾಗಿಲಿಗೆ ಹೋದರು. “ಮುಟ್ಬೇಡಿ ಅಣ್ಣ, ಅಲ್ಲಿಂದಾನೇ ನೋಡಿ” ಎಂದರು ಅನೀಸ್. ಬಾಗಿಲಲ್ಲೇ ನಿಂತು ಅಟ್ಟದ ಕಡೆ ನೋಡಿದರು. ಒಂದೇ ಸಮನೆ ನೋಡಿದರು. ದ್ರಾಕ್ಷಿ ಗೊಂಚಲನ್ನು ದೂರದಿಂದ ನೋಡಿಯೇ ಹುಳಿಯೋ ಸಿಹಿಯೋ ಹೇಳುವ ಮನುಷ್ಯ ಅವರು.

“ಹೇಳಕ್ಕಾಗಲ್ಲ ಕಣಮ್ಮ” ಎಂದರು.

ಹುಡುಗಿ ಚುಚ್ಚಿ ಕೇಳಿದ್ದಲ್ಲ, ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದಳು: “ಹಂಗಾದ್ರೆ ನಾಳೆ ನಾನು ಯಾವುದರ ಪಕ್ಕ ಕೂತ್ಕೊಳ್ಳಲಿ ತಾತ?”

ರಾಮಾಂಜಿನಪ್ಪ ಕೊಟ್ಟಿಗೆಯ ಬಾಗಿಲು ಎಳೆದು ಮುಚ್ಚಿದರು. ಮೊಮ್ಮಗಳನ್ನು ಹತ್ತಿರ ಕರೆದು, ಕರಿ ಬಿಲ್ಲೆಯ ಕನ್ನಡಕ ತಾವೇ ತೆಗೆದು, ಅವಳ ಎರಡು ಕಣ್ಣನ್ನೂ ನೋಡಿದರು. “ಯಾವುದರ ಪಕ್ಕಾನೂ ಬೇಡ ನನ್ ಕಂದ, ಯಾವುದರ ಪಕ್ಕಾನೂ ಬೇಡ” ಎಂದು ಅತ್ತುಬಿಟ್ಟರು. ನನಗೂ ದುಃಖ ತಡೆಯಲಿಲ್ಲ, ಸುಳ್ಳೇಕೆ ಹೇಳಲಿ?

ಆಗ ಅನೀಸ್ ನಿಧಾನವಾಗಿ ಬಿಡಿಸಿ ಹೇಳಿದರು. “ಸ್ವಲ್ಪ ತೇವ ಹೆಚ್ಚುಕಮ್ಮಿ ಆದ್ರೂ, ಸ್ವಲ್ಪ ಬಿಗಿ ಆದ್ರೂ ಮದ್ದಿನ ಗುಣ ಬದಲಾಗುತ್ತಂತೆ ಅಣ್ಣ. ಹೊರಗಿಂದ ಗೊತ್ತಾಗಲ್ಲ. ಕಡ್ಡಿ ಗೀರಲೇಬೇಕು ಅಂತಿಲ್ಲ. ಅರೆಯುವಾಗ, ಒತ್ತುವಾಗ ಉಜ್ಜಿದ ಬಿಸಿ ಸಾಕು. ಪಾಲಿಯೆಸ್ಟರ್ ಬಟ್ಟೆ ಮೈಗೆ ಉಜ್ಜಿ ಚಟಪಟ ಅನ್ನುತ್ತಲ್ಲ, ಆ ಕಿಡಿ ಸಾಕು. ಇಷ್ಟು ವರ್ಷ ಏನೂ ಆಗಿಲ್ಲ ಅಂದ್ರೆ ಅದು ನಿಮ್ ಅದೃಷ್ಟ. ನಿಮ್ ಅದೃಷ್ಟನ ಮಗೂಗೆ ಹೆಂಗೆ ಕಲಿಸ್ತೀರಾ?”

“ಈಗ ಅಲ್ಲಿರೋದನ್ನ ಏನ್ ಮಾಡೋದು? ಒಲೆಗೆ ಹಾಕ್ಬಿಡ್ಲಾ?” ಎಂದರು ಮುನಿತಾಯಮ್ಮ.

“ಅಯ್ಯೋ ಅಮ್ಮ, ಬೇಡ! ಒಲೆಗೂ ಬೇಡ, ಕಸಕ್ಕೂ ಬೇಡ, ಬಾವಿಗೂ ಬೇಡ. ಯಾರೂ ಮುಟ್ಬೇಡಿ. 112ಕ್ಕೆ ಫೋನ್ ಮಾಡೋಣ, ಅಗ್ನಿಶಾಮಕದೋರು ಬಂದು ತಗೊಂಡು ಹೋಗ್ತಾರೆ.”

“ಪೊಲೀಸ್ನೋರು ನನ್ನ ಹಿಡ್ಕೊಂಡೋದ್ರೆ?” ರಾಮಾಂಜಿನಪ್ಪನವರಿಗೆ ಹೊಸ ದಿಗಿಲು.

“ಹೋಗಿ, ಮುದ್ದೆ ಕಟ್ಟಿ ಕಳುಸ್ತೀನಿ. ಕೂಸಿನ ಕಣ್ಣಿಗಿಂತ ಹೆಚ್ಚಾ?” ಮುನಿತಾಯಮ್ಮ ಖಡಾಖಂಡಿತವಾಗಿ ಹೇಳಿದರು.

ರಾಮಾಂಜಿನಪ್ಪ ತಾವೇ 112ಕ್ಕೆ ಫೋನ್ ಮಾಡಿದರು. ನಾನು ಓಡಿಹೋಗಿ ನನ್ನ ಗ್ಯಾಸ್ ಆರಿಸಿ ಬಂದೆ. ಎಲ್ಲರೂ ಬೀದಿಯ ಆ ಬದಿಗೆ ಹೋಗಿ ನಿಂತೆವು. ಸಿಂಚನಳ ಪ್ರಶ್ನೆ ಅಲ್ಲೂ ನಿಲ್ಲಲಿಲ್ಲ. “ಅಂಕಲ್, ಯಾರಿಗಾದ್ರೂ ಸುಟ್ಟರೆ ಏನ್ ಮಾಡ್ಬೇಕು? ಅಜ್ಜಿ ಪೇಸ್ಟ್ ಹಚ್ತಾರೆ.”

“ಪೇಸ್ಟ್ ಬೇಡ, ಎಣ್ಣೆ ಬೇಡ, ಅರಿಶಿನಾನೂ ಬೇಡ. ಇಪ್ಪತ್ತು ನಿಮಿಷ ನಲ್ಲಿ ನೀರು ಬಿಡ್ಬೇಕು. ಆಮೇಲೆ ಶುಭ್ರವಾದ ಬಟ್ಟೆ ಮುಚ್ಚಿ ಆಸ್ಪತ್ರೆಗೆ. ಕಣ್ಣಿಗೆ ಪುಡಿ ಬಿದ್ರೆ ಶುದ್ಧ ನೀರಲ್ಲಿ ಚೆನ್ನಾಗಿ ತೊಳೀಬೇಕು. ಚೂರು ಹೊಡೆದು ಗಾಯ ಆಗಿದ್ರೆ ತೊಳೀಬಾರದು, ಉಜ್ಜಬಾರದು, ಒತ್ತಬಾರದು, ಚುಚ್ಚಿದ್ದನ್ನ ಕೀಳಬಾರದು. ಒಂದು ಪೇಪರ್ ಲೋಟ ಕಣ್ಣಿನ ಮೇಲೆ ಮೆಲ್ಲಗೆ ಮುಚ್ಚಿ 108ಕ್ಕೆ ಫೋನ್ ಮಾಡಬೇಕು.”

ಅಗ್ನಿಶಾಮಕದವರು ಬಂದರು. ಉಳಿದ ಕುಂಡಗಳನ್ನೂ, ಡಬ್ಬದಲ್ಲಿದ್ದ ಮದ್ದನ್ನೂ ತಾವೇ ಜಾಗ್ರತೆಯಾಗಿ ತೆಗೆದುಕೊಂಡರು. ಪರವಾನಗಿ ಇಲ್ಲದೆ ಪಟಾಕಿ ಮಾಡುವುದು ಅಪರಾಧ ಎಂದು ಗಟ್ಟಿಯಾಗಿಯೇ ಎಚ್ಚರಿಸಿದರು. “ನೀವೇ ಕರೆದು ಒಳ್ಳೇದು ಮಾಡಿದ್ರಿ ಯಜಮಾನ್ರೇ” ಎಂದೂ ಹೇಳಿದರು.

ಸಿಂಚನಳ ಕುತೂಹಲವನ್ನು ಯಾರೂ ಚಿವುಟಲಿಲ್ಲ. ಸೋಮವಾರ ಅವಳು ತನ್ನ ಪ್ರಶ್ನೆಗಳನ್ನೆಲ್ಲ ವಿಜ್ಞಾನದ ಟೀಚರ್ ಹತ್ತಿರ ಹೊತ್ತುಕೊಂಡು ಹೋದಳು. ಬಾಯಿ ಕಿರಿದಾಗಿರುವುದರಿಂದ ಒಳಗಿನ ಹೊಗೆ ಕಿಡಿಗಳನ್ನು ಮೇಲಕ್ಕೆ ತಳ್ಳುತ್ತದಂತೆ. ಒಂದೊಂದು ಲೋಹ ಕಾದಾಗ ಒಂದೊಂದು ಬಣ್ಣ ಕೊಡುತ್ತದಂತೆ. ತಾತನನ್ನು ಕೂರಿಸಿಕೊಂಡು ಪಾಠ ಹೇಳಿದಳು. ರಾಮಾಂಜಿನಪ್ಪ ಬಾಯಿ ಬಿಟ್ಟುಕೊಂಡು ಕೇಳಿದರು. “ಅದೇನ್ ಮಗ, ಇನ್ನೊಂದ್ಸಲ ಹೇಳು” ಎಂದರು.

ಹಬ್ಬದ ಸಂಜೆ ಎಂದಿನಂತೆ ಬೀದಿಯವರು ಅಂಗಳಕ್ಕೆ ಬಂದರು. “ಎಲ್ಲಿ ಯಜಮಾನ್ರೇ ಈ ಸಲದ ಹೂಕುಂಡ?”

ಅಂಥ ಅಭಿಮಾನಿ ಮನುಷ್ಯ ನಾಲ್ಕು ಜನರ ಮುಂದೆ ಏನು ಹೇಳುತ್ತಾರೋ ಎಂದು ನಾನು ಜನರ ನಡುವೆ ನುಗ್ಗಿ ಮುಂದೆ ಹೋಗಿ ನಿಂತೆ. ರಾಮಾಂಜಿನಪ್ಪ ಸಿಂಚನಳ ಹೆಗಲ ಮೇಲೆ ಕೈಯಿಟ್ಟುಕೊಂಡು ಹೇಳಿದರು: “ನಂಗೆ ಹೂಕುಂಡ ಮಾಡಕ್ ಬರುತ್ತೆ. ಯಾವುದು ಒಡೆಯುತ್ತೆ ಅಂತ ಹೇಳಕ್ ಬರಲ್ಲ. ಅಷ್ಟು ಗೊತ್ತಿಲ್ದೋನು ಮಾಡಬಾರ್ದು. ನೀವೂ ಮಾಡಬ್ಯಾಡಿ.”

ಯಾರೂ ನಗಲಿಲ್ಲ. ಮನೆಯಲ್ಲಿ ಮದ್ದು ಇಟ್ಟುಕೊಂಡಿದ್ದ ಇನ್ನೊಬ್ಬರು ಮಾರನೇ ದಿನ ತಾವಾಗಿಯೇ 112ಕ್ಕೆ ಫೋನ್ ಮಾಡಿದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ವಿಡಿಯೋ ನೋಡಿ ಪಟಾಕಿ ಮಾಡುತ್ತೇನೆ ಎನ್ನುವ ಮಗು ಇರಬಹುದು. ಠುಸ್ ಆದ ಪಟಾಕಿ ಬಿಡಿಸಿ ಮದ್ದು ಕೂಡಿಡುವ ಹುಡುಗರಿರಬಹುದು, “ನಂಗೇನೂ ಆಗಲ್ಲ” ಎನ್ನುವ ಹಿರಿಯರಿರಬಹುದು. ಬೈಯಬೇಡಿ, ಕೂರಿಸಿಕೊಂಡು ಮಾತಾಡಿ. ಪಟಾಕಿ ಬೇಕೇ ಬೇಕೆಂದರೆ ಪರವಾನಗಿ ಇರುವ ಅಂಗಡಿಯಿಂದ ಕಡಿಮೆ ಹೊಗೆಯ ಹಸಿರು ಪಟಾಕಿ ತನ್ನಿ. ಬಯಲಿನಲ್ಲಿ, ಹತ್ತಿ ಬಟ್ಟೆ ತೊಟ್ಟು, ಬಕೆಟ್ ತುಂಬ ನೀರು ಪಕ್ಕದಲ್ಲಿಟ್ಟುಕೊಂಡು, ದೊಡ್ಡವರೇ ಹಚ್ಚಿ. ಹೊತ್ತದೆ ಉಳಿದದ್ದನ್ನು ಮತ್ತೆ ಹಚ್ಚಲು ಹೋಗಬೇಡಿ, ದೂರದಿಂದ ನೀರು ಸುರಿಯಿರಿ. ಮನೆಯಲ್ಲಿ ಮಾತ್ರ ಎಂದಿಗೂ ಮಾಡಬೇಡಿ.

ಅನುಮಾನ ಇದ್ದರೆ ಇವತ್ತೇ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸಿ ನೋಡಿ. ಆಗದಿದ್ದರೆ ನೀವು ಕೈ ತೆಗೆದುಬಿಡಬಹುದು. ನಿಮ್ಮ ಮಗುವಿನ ಕಣ್ಣು ಹೋದ ಮೇಲೆ ತೆಗೆಯಲು ಅಲ್ಲಿ ಯಾವ ಕೈಯೂ ಇರುವುದಿಲ್ಲ.